ಪದಚರ್ಚೆ: "ಎಫಿಶಿಯಂಟ್" ಲೈಟಿಗೆ ಕನ್ನಡದಾಗ ಏನನ್ನೋದು? ದಕ್ಷ, ಉಳಿತಾಯ, ಇಳುವರಿ, ಇಲ್ಲಾ ಒದಗು?

ಎಲ್ರಿಗೂ ನಮಸ್ಕಾರ್ರೀ. ರಾಯಚೂರಿಂದ ಬರೀಲಿಕ್ಕತ್ತೀನಿ. ಒಂದು ಪದ ಗಂಟಲಾಗ ಸಿಕ್ಕೊಂಡು ಮೂರು ದಿನ ಆತು, ಇಳಿವಲ್ದು, ಅದಕ್ಕ ನಿಮ್ಮ ಮುಂದ ಇಡ್ತೀನಿ.

ಮೊದ್ಲು ಹಿನ್ನೆಲೆ. ನಮ್ಮ ಅಕ್ಕನ ಮಗ ಮನ್ಯಾಗ ಎರಡು ಫೂಟಿನ ಗಾಜಿನ ತೊಟ್ಟಿ ಇಟ್ಕೊಂಡು ಉಪ್ಪುನೀರಾಗ ಹವಳ ಸಾಕ್ಯಾನ. ಹೌದ್ರೀ, ಕೃಷ್ಣಾ ತುಂಗಭದ್ರಾ ನಡುವಿನ ಎಡೆದೊರೆ ನಾಡಿನಾಗ ಸಮುದ್ರದ ಹವಳ. ಅವನ ನೋಡಿ ಬಳ್ಳಾರಿ, ಕೊಪ್ಪಳದ ಒಂದಿಬ್ರು ಗೆಳೆಯರೂ ಶುರು ಮಾಡ್ಬೇಕಂತಾರ, ಅವ್ರಿಗೆ ಲೈಟ್ ಹೆಂಗ ಆರಿಸ್ಬೇಕು ಅಂತ ಕನ್ನಡದಾಗ ಎರಡು ಪುಟ ಬರ್ದುಕೊಡು ಮಾಮಾ ಅಂದ. ಮನ್ಯಾಗ ಲಗ್ನಪತ್ರಿಕೆ ತಿದ್ದೋನು ನಾನೇ ನೋಡ್ರಿ, ಅದಕ್ಕ ಇದೂ ನನ್ನ ಕೊಳ್ಳಿಗೇ ಬಿತ್ತು. "ಎನರ್ಜಿ ಎಫಿಶಿಯಂಟ್ ಲೈಟ್ ಆರಿಸಿ" ಅನ್ನೋದು ಮೊದಲ್ನೇ ಸಾಲು. ಅಲ್ಲೇ ನಿಂತೀನಿ.

"ದಕ್ಷ ದೀಪ" ಅಂತ ಬರ್ದೆ. ಓದಿದ್ರ ಯಾವುದೋ ಪೊಲೀಸ್ ಅಧಿಕಾರಿಗೆ ಸನ್ಮಾನ ಮಾಡಿದಂಗ ಆತು. ಸರ್ಕಾರಿ ಕಾಗದದಾಗ "ಇಂಧನ ದಕ್ಷತೆ" ನಡೀತದ, ಒಪ್ತೀನಿ, ಆದ್ರ ಅಂಗಡಿಗೆ ಹೋಗಿ "ಒಂದು ದಕ್ಷ ಬಲ್ಬ್ ಕೊಡ್ರಿ" ಅನ್ನಾಕ ನನಗಂತೂ ಬಾಯಿ ಬರೂದಿಲ್ಲ. ಸರಿ ಅಂತ "ಕರೆಂಟ್ ಉಳಿಸೋ ಲೈಟ್" ಅಂತ ತಿದ್ದಿದೆ, ಮಾತಿಗೆ ಚಲೋ ಅದ, ಆದ್ರ ಅರ್ಥ ತಪ್ಪು. ಯಾಕಂದ್ರ ಕರೆಂಟ್ ಉಳಿಸೋದೇ ಗುರಿ ಆದ್ರ ಲೈಟ್ ಆರಿಸಿಬಿಡು, ಅದಕ್ಕಿಂತ ಉಳಿತಾಯ ಇನ್ನೇನದ? (ಲೈಟ್ "ಆರಿಸು" ಅಂದ್ರ ನೋಡಿ ತಗೋ ಅಂತಲೂ ಹೌದು, ನಂದಿಸು ಅಂತಲೂ ಹೌದು. ಶೀರ್ಷಿಕೆನೇ ಕೈಕೊಟ್ಟಿತ್ತು, ಆಮೇಲೆ ಕಣ್ಣಿಗೆ ಬಿತ್ತು, ಈಗ "ಲೈಟ್ ಆಯ್ಕೆ" ಅಂತ ಮಾಡೀನಿ.) ಮಲಗೋ ಖೋಲಿ ಜೀರೋ ಬಲ್ಬ್ ನೆನಪು ಮಾಡ್ಕೋರಿ. ಹೆಸರು ಜೀರೋ, ಎಳೆಯೋದು ಹಳೇ ಕಾಲದ್ದಾದ್ರ ಹೆಚ್ಚುಕಮ್ಮಿ 15 ವಾಟ್, ಕೊಡೋ ಬೆಳಕು ನೀರಿನ ತಂಬಿಗಿ ಎಲ್ಲೈತಿ ಅಂತ ಕಾಣೋವಷ್ಟು. ದೊಡ್ಡ ಬಲ್ಬಿಗೆ ಹೋಲಿಸಿದ್ರ ಉಳಿತಾಯ ಹೌದು, ಎಫಿಶಿಯಂಟ್ ಅಲ್ಲವೇ ಅಲ್ಲ. ಎಫಿಶಿಯಂಟ್ ಅಂದ್ರ ತಿಂದಿದ್ದಕ್ಕ ತಕ್ಕಂಗ ದುಡಿಯೋದು. ಕಮ್ಮಿ ತಿನ್ನೋದು ಬ್ಯಾರೆ, ತಿಂದು ದುಡಿಯೋದು ಬ್ಯಾರೆ.

ಇದೇ ಹೊತ್ತಿನಾಗ ನಮ್ಮ ಅವ್ವ ತೊಟ್ಟಿ ಮುಂದ ಕುಂತು "ಎಷ್ಟು ಕ್ಯಾಂಡ್ಲಿನ ಬಲ್ಬಪಾ ಇದು?" ಅಂದ್ಲು. ಹುಡುಗ ನಕ್ಕ, ನಾನು ನಗಲಿಲ್ಲ. ನಲವತ್ತು ಕ್ಯಾಂಡ್ಲಿಂದು, ಅರವತ್ತು ಕ್ಯಾಂಡ್ಲಿಂದು ಅಂತ ಹಳೇ ಮಂದಿ ಅಂತಿದ್ರಲ್ಲ, ಆ ಕ್ಯಾಂಡಲ್ ಮೂಲದಾಗ ಬೆಳಕಿನ ಅಳತೆ, ಇಷ್ಟು ಮೇಣದಬತ್ತಿಯಷ್ಟು ಬೆಳಕು ಕೊಡ್ತದ ಅಂತ. ವಾಟ್ ಅಂದ್ರ ತಿನ್ನೋದರ ಅಳತೆ. ಬರಬರ್ತಾ ನಾವು ಬಾಯಲ್ಲಿ ಕ್ಯಾಂಡಲ್ ಅಂದು ಲೆಕ್ಕದಾಗ ವಾಟ್ ಹಿಡಿದ್ವಿ, ಬುರುಡೆ ಬಲ್ಬಿನ ಕಾಲಕ್ಕ ಎರಡೂ ಜೊತೀಗೆ ಏರಿಳೀತಿದ್ವು, ನಡೀತು. ಎಲ್‌ಇಡಿ ಬಂದು ಜೋಡಿ ಮುರೀತು. 60 ವಾಟಿನ ಬುರುಡೆ ಬಲ್ಬ್ ಕೊಡೋದು ಹೆಚ್ಚುಕಮ್ಮಿ 700 ಲ್ಯೂಮೆನ್ (ಕೊಡೋ ಬೆಳಕಿನ ಈಗಿನ ಅಳತೆ), 9 ವಾಟಿನ ಎಲ್‌ಇಡಿ ಅದಕ್ಕೂ ಚೂರು ಜಾಸ್ತಿನೇ ಕೊಡ್ತದ. ಹಂಗಂದ್ರ ಇವತ್ತು ಕೇಳಬೇಕಾಗಿರೋ ಸರಿಯಾದ ಪ್ರಶ್ನೆ ಅವ್ವಂದೇ. ಎಷ್ಟು ತಿಂತದ ಅಲ್ಲ, ಎಷ್ಟು ಕೊಡ್ತದ.

ಇಲ್ಲಿಗೆ ಬಂದ್ಮ್ಯಾಲ "ಇಳುವರಿ" ಹೊಳೀತು. ನಮ್ಮ ಕಡಿ ಭತ್ತದ್ದೋ ಹತ್ತಿದ್ದೋ ಮಾತು ಬಂದ್ರ ಎಕರೆಗೆ ಎಷ್ಟು ಅಂತಾನೇ ಕೇಳೋದು, ಎಕರೆ ಎಷ್ಟು ಅಂತ ಅಷ್ಟ ಕೇಳಿ ಯಾರೂ ಸುಮ್ಮನಾಗೂದಿಲ್ಲ. ಹಂಗ ವಾಟಿಗೆ ಎಷ್ಟು ಲ್ಯೂಮೆನ್ ಅನ್ನೋದು ಬೆಳಕಿನ ಇಳುವರಿ. ಬುರುಡೆ ಬಲ್ಬಿನ ಇಳುವರಿ ವಾಟಿಗೆ 12ರ ಆಸುಪಾಸು, ಚಲೋ ಎಲ್‌ಇಡಿದು 100. ಓದಿದ ಕೂಡ್ಲೇ ತಿಳೀತದ. "ಇಳುವರಿ ದೀಪ" ಅನ್ನೋಕ ಬರೂದಿಲ್ಲ ಅನ್ನೋದೊಂದೇ ತೊಂದರಿ, ನಾಮಪದ ಆತು, ಗುಣವಾಚಕ ಆಗವಲ್ದು.

ಇನ್ನೊಂದು ಪದ ಅಕ್ಕ ಕೊಟ್ಟಿದ್ದು, ಅಡುಗೆಮನಿಂದ. "ಒದಗು." ಗಂಗಾವತಿ, ಸಿಂಧನೂರು ಕಡಿಯ ಸೋನಾ ಮಸೂರಿ ಹೊಸದು ಬಂದಾಗ ಅನ್ನ ಮುದ್ದಿ ಆಗ್ತದ, ಅದೇ ಅಕ್ಕಿ ವರ್ಷ ಇಟ್ಟು ಹಳೇದಾದ್ರ ಉದುರುದುರು ಅರಳ್ತದ, ಅಷ್ಟೇ ಸೇರಿಗೆ ಇನ್ನೂ ಇಬ್ರು ಉಣಬಹುದು. ಅದಕ್ಕ "ಹಳೇ ಅಕ್ಕಿ ಒದಗ್ತದ" ಅಂತೀವಿ. ನೋಡ್ರಿ, ಎಫಿಶಿಯನ್ಸಿ ಅಂದ್ರ ಇದೇ ಅಲ್ಲೇನು? ಹಾಕಿದ್ದು ಅಷ್ಟೇ, ಬಂದಿದ್ದು ಜಾಸ್ತಿ. "ಒದಗೋ ಲೈಟ್." "ಈ ಲೈಟ್ ಕರೆಂಟಿಗೆ ಒದಗ್ತದ." ನನ್ನ ಕಿವಿಗೆ ಹಿತ ಅದ, ಆದ್ರ ಒದಗು ಅಂದ್ರ ಸಿಗು, ನೆರವಿಗೆ ಬಾ ಅನ್ನೋ ಅರ್ಥನೂ ಇರೋದ್ರಿಂದ ಅಕ್ಕಿ ಮಾತು ಗೊತ್ತಿಲ್ಲದೋರು ಏನು ತಿಳ್ಕೊಂಡಾರು ಅನ್ನೋ ಅನುಮಾನ. ಉರ್ದು ಬಲ್ಲ ನಮ್ಮ ನೆರೆಯವ್ರು ಇದಕ್ಕ "ಬರ್ಕತ್ತು" ಅಂತಾರ, ಇಲ್ಲಿ ಕನ್ನಡದೋರ ಬಾಯಲ್ಲೂ ಅದು ಓಡಾಡ್ತದ, "ಆ ರೊಕ್ಕಕ್ಕ ಬರ್ಕತ್ತಿಲ್ಲ" ಅಂದಂಗ. ಆದ್ರ ಅದರಾಗ ದೇವರ ದಯೆಯ ವಾಸನಿ ಅದ, ಲೈಟಿಗೆ ಕಟ್ಟೋದು ಅತಿ ಆತೇನೋ.

ಈಗ ನಿಜವಾದ ತೊಡಕು. ಮನಿ ಬಲ್ಬಿಗಾದ್ರ ಲ್ಯೂಮೆನ್ ಇಳುವರಿ ನೋಡಿದ್ರ ಮುಗೀತು. ಹವಳಕ್ಕ ಅದು ನಡೆಯೂದಿಲ್ಲ. ಲ್ಯೂಮೆನ್ ಅನ್ನೋದು ಮನುಷ್ಯನ ಕಣ್ಣಿಗೆ ಅಳೆದದ್ದು, ನಮ್ಮ ಕಣ್ಣಿಗೆ 555 ನ್ಯಾನೋಮೀಟರಿನ (ಬಣ್ಣ ಗುರುತಿಸೋ ಬೆಳಕಿನ ಅಲೆಯ ಉದ್ದ ಇದು) ಹಸಿರು ಎಲ್ಲಕ್ಕಿಂತ ಜೋರು ಕಾಣ್ತದ, ಅದಕ್ಕ 100 ಅಂಕ ಕೊಟ್ರ 450ರ ನೀಲಿಗೆ 4 ಅಂಕಾನೂ ಸಿಗೂದಿಲ್ಲ. ಹವಳದ ಮೈಯೊಳಗ ಸಣ್ಣ ಪಾಚಿ ವಾಸ ಮಾಡ್ತದ, ಅದು ಬೆಳಕಿನಿಂದ ಅಡುಗಿ ಮಾಡಿ ಹವಳಕ್ಕೂ ಬಡಿಸ್ತದ, ಆ ಪಾಚಿಗೆ ಬೇಕಾಗಿರೋದು ಮುಖ್ಯವಾಗಿ ನೀಲಿನೇ, ಯಾಕಂದ್ರ ನೀರಿಗಿಳಿದಂಗ ಕೆಂಪು ಮೊದ್ಲು ಸಾಯ್ತದ, ನೀಲಿ ಆಳಕ್ಕ ಮುಟ್ತದ. ಅಂಗಡ್ಯಾಗ ಲ್ಯೂಮೆನ್ ನೋಡಿ ತಂದ್ರ ನಮ್ಮ ಕಣ್ಣಿಗೆ ಹಬ್ಬ, ಹವಳಕ್ಕ ಉಪವಾಸ. ಜೋಳದ ಬೆಳಿ ಇದ್ದಂಗ ಇದು, ನಾವು ಕಾಳಿನ ಇಳುವರಿ ಎಣಿಸ್ತೀವಿ, ಎತ್ತು ಕಣಿಕಿ ಎಣಿಸ್ತದ. ಹೊಲ ಒಂದೇ.

ಹವಳದ ಹುಚ್ಚಿನವರು ಅಳೆಯೋದು "ಪಾರ್" ಅಂತ. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣ ಇಷ್ಟು ಜಾಗದ ಮ್ಯಾಲ ಸೆಕೆಂಡಿಗೆ ಎಷ್ಟು ಬೀಳ್ತಾವ ಅಂತ, ಕಣ್ಣಿನ ಮುಲಾಜಿಲ್ಲದ ಲೆಕ್ಕ. ಮೆತ್ತನ್ನ ಹವಳಕ್ಕ ಪಾರ್ ಮಾಪಕದಾಗ ಸುಮಾರು 50ರಿಂದ 150 ಸಾಕು, ಕವಲು ಕವಲಾಗಿ ಬೆಳೆಯೋ ಗಟ್ಟಿ ಹವಳಕ್ಕ 200 ದಾಟಬೇಕು. ಇದಕ್ಕ ನಾನು "ಉಣ್ಣೋ ಬೆಳಕು" ಅಂತ ಬರ್ದೀನಿ, "ಕಾಣೋ ಬೆಳಕಿಗೆ" ಎದುರಾಗಿ. ಪಾರ್ ಅಂದ್ರ ದ್ಯುತಿಸಂಶ್ಲೇಷಣಾ ಸಕ್ರಿಯ ವಿಕಿರಣ ಅಂತ ಯಾರಾದ್ರೂ ಹೇಳೋಕ ಮುಂಚೆ ಹೇಳ್ತೀನಿ, ಗೊತ್ತೈತ್ರೀ, ಬ್ಯಾಡ.

ನಮ್ಮೂರಾಗ ಒದಗೋ ಲೈಟ್ ಯಾಕ ಬೇಕು ಅಂದ್ರ ಬಿಲ್ಲಿಗಿಂತ ಮೊದ್ಲು ಕಾವಿಗೆ. ತೊಟ್ಟಿ ನೀರು 25, 26 ಡಿಗ್ರಿ ಇರಬೇಕು, ಏಪ್ರಿಲ್ ಮೇದಾಗ ಹೊರಗ 40 ದಾಟ್ತದ. ಮೊದ್ಲೆಲ್ಲ ಮೆಟಲ್ ಹಾಲೈಡ್ ಅನ್ನೋ ದೀಪ ಹಾಕ್ತಿದ್ರು, 250 ವಾಟಿಂದು ದಿನಕ್ಕ 8 ತಾಸು ಉರಿಸಿದ್ರ 2 ಯೂನಿಟ್, ತಿಂಗಳಿಗೆ 60. ಮ್ಯಾಲ ಅದರ ಕಾವು ಇಳಿಸಾಕ ಚಿಲ್ಲರ್ ಬ್ಯಾರೆ, ಅದರ ಕರೆಂಟ್ ಬ್ಯಾರೆ. ಹುಡುಗ ಈಗ ಹಾಕಿರೋ ಎಲ್‌ಇಡಿ 90 ವಾಟ್, ತಿಂಗಳಿಗೆ 22 ಯೂನಿಟ್ ಆಗ್ತದ, ಗೃಹಜ್ಯೋತಿ 200ರ ಗೆರಿ ಹತ್ರ ಇರೋ ಮನಿಗೆ ಇದು ಸಣ್ಣ ಮಾತಲ್ಲ. ಟಿ5 ಅನ್ನೋ ತೆಳು ಟ್ಯೂಬ್‌ಲೈಟೂ ಅದಾವ, ಬೆಳಕು ಸಮನಾಗಿ ಬೀಳ್ತದ, ಆದ್ರ ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಬೇಕು, ನಮ್ಮ ಕಡಿ ಸಿಗೋದೂ ಕಷ್ಟ.

ಇದರಾಗೇ ಒಂದು ಪದದ ಖುಷಿನೂ ಅದ. ನಮ್ಮಲ್ಲಿ ಬಿಸಿಲು ಅನ್ನೋದರೊಳಗ ಬೆಳಕೂ ಅದ, ಬಿಸಿನೂ ಅದ, ಬಿಡಿಸಿ ಹೇಳ್ಬೇಕಂದ್ರ "ಝಳ" ಅಂತೀವಿ. ಹವಳಕ್ಕ ಬೇಕಾಗಿರೋದು ಝಳ ಇಲ್ಲದ ಬಿಸಿಲು. ಹುಡುಗನ ಬರಹದಾಗ ಇದನ್ನ ಅರ್ಧ ಪುಟ ಇಂಗ್ಲಿಷ್‌ನಾಗ ವಿವರಿಸಿದ್ದ, ನಾನು ಮೂರು ಪದದಾಗ ಮುಗಿಸೀನಿ, ಸ್ವಲ್ಪ ಜಂಬ ಬಂತು. ಹಂಗೇ ನೀರು 30 ದಾಟಿ ನಿಂತ್ರ ಹವಳ ಪಾಚಿನ ಹೊರಗ ಹಾಕಿ ಬೆಳ್ಳಗಾಗ್ತದಲ್ಲ, ಬ್ಲೀಚಿಂಗ್, ಅದಕ್ಕ "ಬಿಳಿಚಿಕೊಳ್ಳೋದು". ಜ್ವರ ಬಂದ ಮುಖಕ್ಕ ಅನ್ನೋದೇ. ಇದರಾಗ ಚರ್ಚೆ ಬೇಕಿಲ್ಲ ಅನ್ಸ್ತದ.

"ಹವಳ" ಪದದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಸಾಲು ಹಾಕಬೇಕಾತು. ಸರಾಫರ ಕಡಿ ಸಿಗೋ ಕೆಂಪು ಹವಳ, ಮಂಗಳವಾರದ ಉಂಗುರದ್ದು, ಅದು ಮೆಡಿಟರೇನಿಯನ್ ಕಡಲಿನ ಗುಹಿ, ಕತ್ತಲಿ ಜಾಗದಾಗ ಬೆಳೆಯೋದು, ಅದರ ಮೈಯಾಗ ಪಾಚಿ ಇಲ್ಲ, ಅದಕ್ಕ ಬೆಳಕಿನ ಹಂಗಿಲ್ಲ. ತೊಟ್ಟಿದು ಬ್ಯಾರೆ ಜಾತಿ. ಒಂದೇ ಪದ, ಒಂದಕ್ಕ ಬೆಳಕೇ ಅನ್ನ, ಇನ್ನೊಂದಕ್ಕ ಬ್ಯಾಡ. ಇನ್ನು ಹವಳ "ಸಾಕೋದಾ, ಬೆಳೆಸೋದಾ" ಅಂತ ಹುಡುಗನ ಜೊತಿ ಜಗಳ ಆಗಿತ್ತು, ನೋಡಾಕ ಗಿಡ ಇದ್ದಂಗ ಅದ, ಕತ್ತರಿಸಿ ನೆಟ್ರ ಚಿಗುರ್ತದ, ಆದ್ರ ಅದು ಪ್ರಾಣಿ. 1972ರ ವನ್ಯಜೀವಿ ಕಾಯ್ದೆಯ ಅನುಸೂಚಿಲೇ ನಮ್ಮ ಸಮುದ್ರದ ದಿಬ್ಬ ಕಟ್ಟೋ ಹವಳ ಅದ, ಅಲ್ಲಿಂದ ಕಿತ್ತು ತಂದಿದ್ದು ಮುಟ್ಟೋಹಂಗಿಲ್ಲ, ತಗೊಳ್ಳೋ ಮುಂಚೆ ಎಲ್ಲಿಂದು ಅಂತ ಕಾಗದ ಕೇಳ್ರಿ ಅಂತಾನೂ ಬರ್ದೀನಿ. ಹಂಗಾಗಿ "ಸಾಕೋದು" ಅಂತಾನೇ ಇಟ್ಟೀನಿ.

ಈಗ ನನ್ನ ಪ್ರಶ್ನೆ ಎರಡು. "ಒದಗು" ಅಕ್ಕಿ, ಹಿಟ್ಟಿನ ಅರ್ಥದಾಗ ನಿಮ್ಮ ನಿಮ್ಮ ಊರಾಗ ಬಳಕೆಲಿ ಅದೇನು? ಹಳೇ ಮೈಸೂರು, ಕರಾವಳಿಯೋರು ದಯವಿಟ್ಟು ಹೇಳ್ರಿ, ಬ್ಯಾರೆ ಪದ ಇದ್ರ ಅದನ್ನೂ ಕೊಡ್ರಿ. ಎರಡನೇದು, ಅಳತೆಗೆ "ಇಳುವರಿ", ಗುಣಕ್ಕ "ಒದಗೋ" ಅಂತ ಎರಡನ್ನೂ ಹಂಚಿ ಬಳಸಿದ್ರ ಓದೋರಿಗೆ ಗೊಂದಲ ಆಗ್ತದೇನು? ಭಾನುವಾರದೊಳಗ ಬರ್ದುಕೊಡ್ತೀನಿ ಅಂದೀನಿ. ಅಲ್ಲೀತನಕ ಮೊದಲ್ನೇ ಸಾಲು ಖಾಲಿ. ಅವ್ವಗ ಮಾತ್ರ "ನೂರು ಕ್ಯಾಂಡ್ಲಿನದವ್ವಾ" ಅಂತ ಹೇಳಿಬಿಟ್ಟೀನಿ, "ಅದಕ್ಕೇ ನೀಲಿ ಐತಿ" ಅಂದು ಎದ್ದು ಹೋದ್ಲು.