ಪುಟ್ಟಿ ಕಾಲಿಗೆ ಕಟ್ಟುವ ಸ್ನೋ ಉಂಡೆ

ಅಕ್ಕಾ, ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ಈಗ ನೋಡಿದೆ. ನಿಮ್ಮ ನಾಯಿ ಪುಟ್ಟಿ ಪಾರ್ಕಿನ ಮಧ್ಯೆ ಕೂತುಬಿಟ್ಟಿದ್ದಾಳೆ, ಕಾಲು ಹೊಟ್ಟೆ ಎಲ್ಲ ಸ್ನೋ ಉಂಡೆ, ಎಷ್ಟು ಕರೆದರೂ ಏಳುತ್ತಿಲ್ಲ, ಹಟ ಮಾಡುತ್ತಾಳೆ ಅಂತ ಬರೆದಿದ್ದೀರಿ. ಅದು ಹಟ ಅಲ್ಲ ಅಕ್ಕಾ, ಅವಳಿಗೆ ಕಾಲು ನೋಯುತ್ತಿದೆ.

ನಮ್ಮ ನಾಯಿ ಕೆಂಚ ಟೊರಾಂಟೊದಲ್ಲಿ ಮೊದಲನೇ ಚಳಿಗಾಲ ಕಂಡಾಗ ನಾನೂ ಹಟ ಅಂದುಕೊಂಡು ಹಗ್ಗ ಹಿಡಿದು ಮನೆವರೆಗೂ ಎಳೆದುಕೊಂಡು ಬಂದಿದ್ದೆ. ಬಂದು ಪಾದ ತಿರುಗಿಸಿ ಬೆರಳಿನ ಸಂದಿಯಲ್ಲಿ ಕೈ ಹಾಕಿ ನೋಡಿದರೆ ಗೋಲಿಯಷ್ಟು ದಪ್ಪದ ಐಸು, ಗಟ್ಟಿ ಕಲ್ಲು, ಸುತ್ತಲಿನ ಕೂದಲನ್ನು ಜಗ್ಗಿ ಹಿಡಿದುಕೊಂಡಿತ್ತು, ಚರ್ಮ ಕೆಂಪಗಾಗಿತ್ತು. ಅವತ್ತಿನ ಸಂಕಟ ಇವತ್ತಿಗೂ ಹೋಗಿಲ್ಲ. ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಆಗುವುದೇನು ಅಂದರೆ, ಮೈ ಬಿಸಿಗೆ ಸ್ನೋ ಸ್ವಲ್ಪ ಕರಗುತ್ತದೆ, ಚಳಿಗೆ ಮತ್ತೆ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಹೊಸ ಸ್ನೋ ಮೆತ್ತಿಕೊಳ್ಳುತ್ತದೆ, ಹೆಜ್ಜೆ ಹೆಜ್ಜೆಗೂ ಉಂಡೆ ದೊಡ್ಡದಾಗುತ್ತದೆ. ಊರಲ್ಲಿ ಗದ್ದೆ ಬದುವಿನ ಮೇಲೆ ನಡೆದರೆ ಪಂಚೆಗೆ ಉತ್ತರಾಣಿ ಅಂಟುತ್ತಿತ್ತಲ್ಲ, ಹಾಗೆ. ಪುಟ್ಟಿಯಂಥ ಕಾಕಪೂಗಳ (ಕಾಕರ್ ಸ್ಪ್ಯಾನಿಯಲ್, ಪೂಡಲ್ ಬೆರಕೆ ತಳಿ) ಕೂದಲು ಮೆತ್ತಗೆ, ಗುಂಗುರು, ಹಾಗಾಗಿ ಜಾಸ್ತಿ ಹಿಡಿಯುತ್ತದೆ. ಹಸ್ಕಿ ನಾಯಿಗಳ ಹೊರಗಿನ ಕೂದಲು ಒರಟು, ಅಲ್ಲಿ ಇಷ್ಟು ನಿಲ್ಲುವುದಿಲ್ಲ.

ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ. ಮೈನಸ್ 15, 20 ಇದ್ದಾಗ ಸ್ನೋ ಒಣಗಿರುತ್ತದೆ, ಅಕ್ಕಿ ಹಿಟ್ಟಿನ ಹಾಗೆ ಉದುರಿಹೋಗುತ್ತದೆ. ತೊಂದರೆ ಇರುವುದು ಸೊನ್ನೆ ಆಸುಪಾಸಿನ ದಿನ, ಮಕ್ಕಳು ಸ್ನೋಮ್ಯಾನ್ ಮಾಡುವ ದಿನ. ನಾನು ಬಾಗಿಲು ತೆಗೆದ ಕೂಡಲೇ ಒಂದು ಹಿಡಿ ಸ್ನೋ ಕೈಯಲ್ಲಿ ಹಿಚುಕಿ ನೋಡುತ್ತೇನೆ. ಕೈಯಲ್ಲಿ ಉಂಡೆ ಆಯಿತಾ, ಕೆಂಚನ ಕಾಲಲ್ಲೂ ಆಗುತ್ತದೆ. ಅವತ್ತು ಅವನಿಗೆ ಮೈ ಕಾಲು ಮುಚ್ಚುವ ಸೂಟ್ ಹಾಕಿಯೇ ಹೊರಡುವುದು.

ಮೊದಲು ಬಾಚಬೇಕು ಅಕ್ಕಾ. ಸಿಕ್ಕು ಇದ್ದ ಕಡೆಯೇ ಉಂಡೆ ಬೇಗ ಕಟ್ಟುವುದು. ಮೇಲೆ ಮೇಲೆ ಅಲ್ಲ, ಕೂದಲು ಬಿಡಿಸಿ ಬುಡದಿಂದ ಬಾಚಬೇಕು, ಮುಂಗಾಲಿನ ಸಂದಿ, ಹೊಟ್ಟೆ, ತೊಡೆ ಹಿಂಭಾಗ ಮರೆಯಬೇಡಿ. ಪಾದದ ಅಡಿಯಲ್ಲಿ ಮೆತ್ತೆಗಳ ನಡುವೆ ಹೊರಗೆ ಚಾಚಿಕೊಂಡ ಕೂದಲನ್ನು ಮೊಂಡು ತುದಿಯ ಕತ್ತರಿಯಲ್ಲಿ ಮೆತ್ತೆಯ ಮಟ್ಟಕ್ಕೆ ಕತ್ತರಿಸಿ, ಅಷ್ಟೇ, ಒಳಗೆ ಕತ್ತರಿ ತೂರಿಸಬೇಡಿ. ಕಾಲಿನದು ಹೊಟ್ಟೆಯದು ಸ್ವಲ್ಪ ಗಿಡ್ಡ ಮಾಡಿಸಿ. ಆದರೆ ಯಾರಾದರೂ ಪೂರ್ತಿ ಬೋಳಿಸಿ ಅಂದರೆ ಒಪ್ಪಬೇಡಿ, ಈ ಚಳಿಗೆ ಆ ಕೂದಲೇ ಅವಳ ಸ್ವೆಟರ್.

ಆಮೇಲೆ ಮೇಣ. ಮಶರ್ಸ್ ಸೀಕ್ರೆಟ್ ಅಂತ ಬರುತ್ತದೆ, ಹಿಮಗಾಡಿ ಎಳೆಯುವ ನಾಯಿಗಳಿಗಾಗಿ ಇಲ್ಲೇ ಕೆನಡಾದಲ್ಲಿ ಮಾಡಿದ್ದು. ಬೆರಳ ಸಂದಿಗೆ, ಪಾದದ ಸುತ್ತಲಿನ ಕೂದಲಿಗೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಆದರೆ ಕೆಂಚ ಹೊರಗೆ ಹೋಗುವ ಮೊದಲೇ ಅದನ್ನು ನೆಕ್ಕಿ ಮುಗಿಸುತ್ತಾನೆ, ಜಾಸ್ತಿ ನೆಕ್ಕಿದರೆ ಹೊಟ್ಟೆ ಕೆಡುತ್ತದೆ.

ಮೇಣ ಪಾದಕ್ಕೆ ಸಾಕು, ಹೊಟ್ಟೆಗೆ ತೊಡೆಗೆ ಸಾಲದು. ಅಲ್ಲಿಗೆ ನಾಲ್ಕೂ ಕಾಲು ಮುಚ್ಚುವ, ನೀರು ಹಿಡಿಯದ ನುಣುಪು ಬಟ್ಟೆಯ ಸೂಟೇ ಬೇಕು. ಉಣ್ಣೆ ಸ್ವೆಟರ್ ಹಾಕಬೇಡಿ, ಅದಕ್ಕೇ ಉಂಡೆ ಕಟ್ಟುತ್ತದೆ. ಪಾದಕ್ಕೆ ಬೂಟಿ, ಅಂದರೆ ನಾಯಿ ಬೂಟು, ಹಾಕಿದರೆ ಇನ್ನೂ ಒಳ್ಳೆಯದು, ಆದರೆ ಕಳೆದುಹೋಗುತ್ತವೆ. ಅಲಾಸ್ಕಾದ ಇಡಿಟರಾಡ್ ಅನ್ನುವ ನಾಯಿ ಹಿಮಗಾಡಿ ಓಟ ಸುಮಾರು 1000 ಮೈಲಿ, ಅಲ್ಲಿ ಒಂದೊಂದು ನಾಯಿಗೂ 8 ಬೂಟಿ ಇರಲೇಬೇಕು ಅಂತ ನಿಯಮವೇ ಇದೆ. ಕಾಲು ನಾಲ್ಕು, ಬೂಟಿ ಎಂಟು! ನೀವೂ ನಾಲ್ಕು ನಾಲ್ಕರ ಎರಡು ಸೆಟ್ ತಂದಿಡಿ.

ಇಷ್ಟಾದರೂ ಉಂಡೆ ಕಟ್ಟಿದರೆ ಕೈಯಲ್ಲಿ ಕೀಳಬೇಡಿ, ದಯವಿಟ್ಟು. ಕೂದಲು ಸಮೇತ ಬರುತ್ತದೆ, ಆಮೇಲೆ ಪಾದ ಮುಟ್ಟಲೂ ಬಿಡುವುದಿಲ್ಲ. ಮೊಟ್ಟೆ ಕಡೆಯುವ ತಂತಿಯ ವಿಸ್ಕ್ ಇದೆಯಲ್ಲ, ಅದನ್ನು ಕೂದಲಿನ ಮೇಲಿಂದ ಕೆಳಗೆ ಮೆಲ್ಲಗೆ ಎಳೆಯಿರಿ, ದೊಡ್ಡ ಉಂಡೆಗಳು ಒಡೆದು ಬಾಗಿಲ ಹೊರಗೇ ಬೀಳುತ್ತವೆ. ಉಳಿದದ್ದಕ್ಕೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಒಂದೊಂದೇ ಪಾದ ಅದ್ದಿ ಹಿಡಿದರೆ ತಾನೇ ಕರಗುತ್ತದೆ. ಬಿಸಿ ನೀರು ಬೇಡ. ರಸ್ತೆಗೆ ಹಾಕಿದ ಉಪ್ಪೂ ಇದರಲ್ಲೇ ತೊಳೆದುಹೋಗುತ್ತದೆ, ಇಲ್ಲದಿದ್ದರೆ ಪಾದ ಉರಿಯುತ್ತದೆ, ಅವಳು ಅದನ್ನೇ ನೆಕ್ಕುತ್ತಾಳೆ. ಆಮೇಲೆ ಟವೆಲಿನಲ್ಲಿ ಒತ್ತಿ ಒತ್ತಿ ಒಣಗಿಸಿ, ಉಜ್ಜಿದರೆ ಸಿಕ್ಕಾಗುತ್ತದೆ.

ದಾರಿಯಲ್ಲಿ ಮತ್ತೆ ಕೂತರೆ ನೀವೂ ಅಲ್ಲೇ ಕೂತು, ಗ್ಲೌಸ್ ತೆಗೆದು, ಪಾದವನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ. ಒಂದೆರಡು ನಿಮಿಷಕ್ಕೆ ಐಸು ಸಡಿಲ ಆಗುತ್ತದೆ, ಅವಳು ತಾನೇ ಎದ್ದು ನಡೆಯುತ್ತಾಳೆ.

ಸೂಟ್ ಈಗಲೇ ಕೊಳ್ಳಬೇಡಿ. ಕೆಂಚ ಮರಿಯಾಗಿದ್ದಾಗಿನದು ನನ್ನ ಹತ್ತಿರ ಇದೆ. ಪುಟ್ಟಿಯ ಕುತ್ತಿಗೆ ಬುಡದಿಂದ ಬಾಲದ ಬುಡದವರೆಗೆ ಟೇಪ್ ಹಿಡಿದು ಎಷ್ಟು ಇಂಚು ಅಂತ ಹೇಳಿ, ಸರಿಹೋದರೆ ಶನಿವಾರ ತಂದುಕೊಡುತ್ತೇನೆ.