ಯುದ್ಧದ ಗುಟ್ಟು ಬಯಲು ಮಾಡಿದವರನ್ನು ‘ಯಾಕೆ ಮಾಡಿದೆ’ ಅಂತ ಕೋರ್ಟ್ ಕೇಳಲ್ವಾ?

ಪ್ರಶ್ನೆ: ನಮಸ್ಕಾರ ಸರ್. ಅಮೆರಿಕದಲ್ಲಿ ಸರ್ಕಾರಿ ಕೆಲಸದಲ್ಲಿದ್ದವರು ಯುದ್ಧದ ದಾಖಲೆಗಳನ್ನು ಪತ್ರಿಕೆಗೆ ಕೊಟ್ಟರೆ ಜೈಲಿಗೆ ಹಾಕುತ್ತಾರೆ. ಜನರಿಗೆ ನಿಜ ತಿಳಿಯಲಿ ಅಂತ ಕೊಟ್ಟೆ ಅಂದರೆ ಕೋರ್ಟ್ ಒಪ್ಪುವುದಿಲ್ಲವೇ? 1971ರಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಗಳ ಪರವಾಗಿಯೇ ತೀರ್ಪು ಕೊಟ್ಟಿತ್ತು ಅಲ್ವಾ?

ಉತ್ತರ (ವಕೀಲರು): ಒಪ್ಪುವುದಿಲ್ಲ. ಆ ತೀರ್ಪನ್ನು ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಮೆರಿಕದ ರಕ್ಷಣಾ ಇಲಾಖೆಗೆ ಕೆಲಸ ಮಾಡಿದ್ದ ವಿಶ್ಲೇಷಕ ಡೇನಿಯಲ್ ಎಲ್ಸ್‌ಬರ್ಗ್ ಕೈಯಲ್ಲಿ ವಿಯೆಟ್ನಾಂ ಯುದ್ಧದ ಬಗ್ಗೆ ಸರ್ಕಾರವೇ ಬರೆಸಿದ್ದ ಸುಮಾರು 7,000 ಪುಟಗಳ ಗುಪ್ತ ವರದಿ ಇತ್ತು. 1969ರ ಅಕ್ಟೋಬರ್‌ನಲ್ಲಿ ಪರಿಚಯದವರೊಬ್ಬರ ಜಾಹೀರಾತು ಆಫೀಸಿನಲ್ಲಿ ರಾತ್ರಿ ಹೊತ್ತು ಕೂತು ಅದನ್ನು ಒಂದೊಂದೇ ಹಾಳೆ ಜೆರಾಕ್ಸ್ ಮಾಡಿದರು. ಒಂದು ಸಲ 13 ವರ್ಷದ ಮಗ ಮಷೀನ್ ಹತ್ತಿರ ನಿಂತಿದ್ದ, 10 ವರ್ಷದ ಮಗಳು ಕತ್ತರಿ ಹಿಡಿದು ‘ಅತಿ ರಹಸ್ಯ’ ಅನ್ನುವ ಮುದ್ರೆ ಇದ್ದ ಅಂಚನ್ನು ಕತ್ತರಿಸುತ್ತಿದ್ದಳು. 1971ರ ಜೂನ್ 13ರಂದು ನ್ಯೂಯಾರ್ಕ್ ಟೈಮ್ಸ್ ಅದನ್ನು ಅಚ್ಚು ಹಾಕಲು ಶುರು ಮಾಡಿತು. ಅಧ್ಯಕ್ಷ ನಿಕ್ಸನ್ ಸರ್ಕಾರ ತಡೆಯಾಜ್ಞೆ ತಂದಿತು. ಜೂನ್ 30ಕ್ಕೆ ಸುಪ್ರೀಂ ಕೋರ್ಟಿನಿಂದ ಪತ್ರಿಕೆಗಳ ಪರವಾಗಿ 6-3ರ ತೀರ್ಪು ಬಂತು.

ಆದರೆ ಆ ತೀರ್ಪು ಹೇಳಿದ್ದು ಇಷ್ಟೇ: ಅಚ್ಚಾಗುವ ಮೊದಲೇ ಪತ್ರಿಕೆಯ ಕೈ ಕಟ್ಟುವಷ್ಟು ಬಲವಾದ ಕಾರಣವನ್ನು ಸರ್ಕಾರ ತೋರಿಸಿಲ್ಲ. ದಾಖಲೆ ಕೊಟ್ಟವನ ಗತಿ ಏನು ಅನ್ನುವುದು ಅಲ್ಲಿ ಇರಲೇ ಇಲ್ಲ. ಎಲ್ಸ್‌ಬರ್ಗ್ ಮೇಲೆ 1917ರ ಬೇಹುಗಾರಿಕೆ ಕಾಯ್ದೆಯಡಿ ಕೇಸು ಬಿತ್ತು. ಎಲ್ಲಾ ಆರೋಪ ಸೇರಿದರೆ 115 ವರ್ಷ ಜೈಲು. ವಿಚಾರಣೆಯಲ್ಲಿ ಅವರ ವಕೀಲರು ‘ಯಾಕೆ ಪ್ರತಿ ಮಾಡಿದಿರಿ’ ಅಂತ ಕೇಳಿದರು. ಸರ್ಕಾರಿ ವಕೀಲರು ಆಕ್ಷೇಪ ಎತ್ತಿದರು, ನ್ಯಾಯಾಧೀಶರು ಅದನ್ನು ಎತ್ತಿಹಿಡಿದರು. ಉತ್ತರ ಜ್ಯೂರಿಯ (ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ) ಕಿವಿಗೆ ಬೀಳಲೇ ಇಲ್ಲ! 1973ರ ಮೇ ತಿಂಗಳಲ್ಲಿ ಕೇಸು ವಜಾ ಆಗಿದ್ದೂ ಅವರು ಮಾಡಿದ್ದು ಸರಿ ಅಂತಲ್ಲ. ಶ್ವೇತಭವನದ ಕಡೆಯವರು ಅವರ ಮನೋವೈದ್ಯರ ಆಫೀಸಿಗೆ ಕನ್ನ ಹಾಕಿದ್ದು ಬಯಲಾಗಿತ್ತು, ಕದ್ದು ಫೋನ್ ಕೇಳಿದ್ದೂ ಹೊರಬಂದಿತ್ತು.

ಪ್ರಶ್ನೆ (ಇನ್ನೊಬ್ಬರು): ಸರ್, ಸೈನಿಕರ ಜೀವಕ್ಕೆ ಅಪಾಯ ಆದರೆ? ಒಳಗೇ ದೂರು ಕೊಡಬಹುದಲ್ಲ?

ಉತ್ತರ: ನ್ಯಾಯವಾದ ಪ್ರಶ್ನೆ, ಮೇಡಂ. ಎಲ್ಸ್‌ಬರ್ಗ್ ಮೊದಲು ಹೋಗಿದ್ದು ಸೆನೆಟರ್‌ಗಳ ಹತ್ತಿರವೇ. ಅವರು ಯಾರೂ ಮುಂದೆ ಬರಲಿಲ್ಲ. ಶಾಂತಿ ಮಾತುಕತೆಗೆ ಕಲ್ಲು ಬೀಳಬಾರದು ಅಂತ ಅದಕ್ಕೆ ಸಂಬಂಧಪಟ್ಟ 4 ಸಂಪುಟಗಳನ್ನು ಅವರು ಪತ್ರಿಕೆಗೆ ಕೊಡಲೂ ಇಲ್ಲ. ಅಮೆರಿಕದ ಸೈನ್ಯದಲ್ಲಿದ್ದ ಚೆಲ್ಸಿ ಮ್ಯಾನಿಂಗ್ ಹಾಗಲ್ಲ, ವಿಕಿಲೀಕ್ಸ್ ಅನ್ನುವ ವೆಬ್‌ಸೈಟಿಗೆ ಲಕ್ಷಗಟ್ಟಲೆ ದಾಖಲೆ ಕೊಟ್ಟುಬಿಟ್ಟರು. ಅದರಲ್ಲಿ ಅಪಾಯ ಜಾಸ್ತಿ ಇತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೂ ಶತ್ರುವಿಗೆ ನೆರವಾದ ಆರೋಪ ನಿಲ್ಲಲಿಲ್ಲ, ಉಳಿದ ಆರೋಪಗಳಿಗೆ 35 ವರ್ಷ ಕೊಟ್ಟರು. ಒಬಾಮಾ ಶಿಕ್ಷೆ ಇಳಿಸಿದ್ದರಿಂದ 2017ರಲ್ಲಿ ಹೊರಬಂದರು.

1998ರಿಂದ ಗುಪ್ತಚರ ಇಲಾಖೆಯವರಿಗೆ ಒಂದು ಕಾನೂನಿನ ದಾರಿ ಇದೆ, ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯೊಳಗಿನ ತಪಾಸಣಾ ಅಧಿಕಾರಿ, ಪೊಲೀಸ್ ಅಲ್ಲ) ಮೂಲಕ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಸಮಿತಿಗೆ ದೂರು ಒಯ್ಯಬಹುದು. ಪತ್ರಿಕೆಗೆ ಹೋದವರಿಗೆ ಅದರಲ್ಲಿ ರಕ್ಷಣೆ ಇಲ್ಲ. ಆದ ಹಾನಿಯನ್ನೂ ಜನರಿಗೆ ಸಿಕ್ಕ ನಿಜವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಅಂತ ನಾನು ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ. ಆದರೆ ಈಗಿನ ಪದ್ಧತಿಯಲ್ಲಿ ತಪ್ಪೋ ಸರಿಯೋ ಅನ್ನುವುದು ತೀರ್ಮಾನ ಆದ ಮೇಲೆ, ಶಿಕ್ಷೆ ಎಷ್ಟು ಅನ್ನುವ ಹಂತದಲ್ಲಿ ಮಾತ್ರ ‘ಯಾಕೆ’ಗೆ ಸ್ವಲ್ಪ ಜಾಗ ಸಿಗುತ್ತದೆ. ಡ್ರೋನ್ ದಾಳಿಗಳ ದಾಖಲೆ ಕೊಟ್ಟ, ಹಿಂದೆ ವಾಯುಪಡೆಯಲ್ಲಿದ್ದ ಡೇನಿಯಲ್ ಹೇಲ್ ತಪ್ಪೊಪ್ಪಿಕೊಂಡ ಮೇಲೆ, ತಾನು ಕಣ್ಣಾರೆ ಕಂಡದ್ದನ್ನೆಲ್ಲ ಕೈಬರಹದಲ್ಲಿ ನ್ಯಾಯಾಧೀಶರಿಗೆ ಬರೆದರು. 2021ರ ಜುಲೈನಲ್ಲಿ ಅವರಿಗೆ ಬಿದ್ದದ್ದು 45 ತಿಂಗಳು.