ನರ ಒತ್ತಿದ್ರೆ ಆಪರೇಷನ್ನಾ, ಕಾಯೋದಾ? ಅನುಭವ ಇದ್ದವ್ರು ಹೇಳಿ

ಕೇಳಿದವರು: ಎಂಆರ್‌ಐನಲ್ಲಿ ಎಲ್5-ಎಸ್1 ಡಿಸ್ಕ್ (ಸೊಂಟದ ಕೊನೇ ಮೂಳೆ ಎಲ್5, ಅದರ ಕೆಳಗಿನ ಎಸ್1, ಇವೆರಡರ ಮಧ್ಯದ ಮೆತ್ತೆ) ಎಡಗಡೆ ನರದ ಬೇರನ್ನ ಒತ್ತಿದೆ ಅಂತ ಬಂದಿದೆ. ಆರು ವಾರ ಆಯ್ತು. ತೊಡೆ ಹಿಂದಿನಿಂದ ಪಾದದ ಕಿರುಬೆರಳ ತನಕ ಜುಮ್ಮನ್ನತ್ತೆ, ಶಕ್ತಿ ಕಮ್ಮಿ ಆಗಿಲ್ಲ. ಏನ್ಮಾಡ್ಲಿ?

ಎಲ್5_ಅನುಭವಿ: ಕಾಯ್ಬೇಡಿ. ನಾನು ಐದು ತಿಂಗಳು ಕಾದೆ. ನಾಲ್ಕನೇ ತಿಂಗಳಲ್ಲಿ ನೋವು ತಾನಾಗೇ ಇಳೀತು, ಖುಷಿಪಟ್ಟೆ, ಆದ್ರೆ ಅದು ವಾಸಿಯಾಗಿದ್ದಲ್ಲ. ನಡೆಯೋವಾಗ ಪಾದ ಪಟ್ ಪಟ್ ಅಂತ ನೆಲಕ್ಕೆ ಬಡಿಯೋಕೆ ಶುರುವಾಯ್ತು, ಕಾಲಿಂದ ಚಪ್ಪಲಿ ಬಿದ್ರೂ ಗೊತ್ತಾಗ್ತಿರ್ಲಿಲ್ಲ. ಒತ್ತಡಕ್ಕೆ ಮೊದಲು ಹಾಳಾಗೋದು ನರದ ಮೇಲಿನ ಮೈಲಿನ್ ಹೊದಿಕೆ, ಅಷ್ಟರಲ್ಲೇ ಬಿಡಿಸಿದ್ರೆ ವಾರಗಳಲ್ಲಿ ಸುಧಾರಿಸ್ಕೊಳ್ಳತ್ತೆ, ಒಳಗಿನ ತಂತುನೇ ಸತ್ರೆ ಮತ್ತೆ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಮೊಣಕಾಲ ಕೆಳಗಿನ ತನಕ ಎಷ್ಟು ದೂರ ಲೆಕ್ಕ ಹಾಕಿ! ಆಪರೇಷನ್ ಆಗಿ 14 ತಿಂಗಳು ಪಾದ ಎತ್ತಿ ಹಿಡಿಯೋ ಪಟ್ಟಿ ಕಟ್ಕೊಂಡು ನಡೆದೆ, ಇವತ್ತಿಗೂ ಹೆಬ್ಬೆರಳು ಪೂರ್ತಿ ಮೇಲೇಳಲ್ಲ.

ನಡೆದೇ_ಗೆದ್ದೆ: ಹೀಗೆ ಹೆದರಿಸ್ಬೇಡಿ ಸರ್. ನಂದೂ ಎಸ್1 ನರದ ಬೇರೇ, 11 ವಾರದಲ್ಲಿ ನೋವು ಹೋಯ್ತು, ಚಾಕು ಹಾಕಿಸ್ಲಿಲ್ಲ. 39 ರಾತ್ರಿ ನೆಲದ ಮೇಲೆ ಮಲಗಿ ಕಾಲು ಕುರ್ಚಿ ಮೇಲೆ ಇಟ್ಕೊಂಡಿದ್ದೆ, ಒಂದೊಂದೂ ಎಣಿಸಿದೀನಿ. ಹೊರಗೆ ಬಂದ ಡಿಸ್ಕ್ ಚೂರನ್ನ ದೇಹನೇ ಎಷ್ಟೋ ಸಲ ಕರಗಿಸ್ಬಿಡತ್ತೆ. ಹಿಮ್ಮಡಿ ಹಿಂದೆ ಸುತ್ತಿಗೆಯಲ್ಲಿ ತಟ್ಟಿದ್ರೆ ಪಾದ ಈಗ್ಲೂ ಜಿಗಿಯಲ್ಲ, ಅದರಿಂದ ನಂಗೇನೂ ತೊಂದ್ರೆ ಆಗಿಲ್ಲ.

ಎಲ್5_ಅನುಭವಿ: ಜಿಗಿಯಲ್ಲ ಅಂದ್ರೆ ನರ ಪೂರ್ತಿ ವಾಸಿಯಾಗಿಲ್ಲ ಅಂತಾನೇ ಅಲ್ವಾ? ಗೆದ್ದೆ ಅಂತ ಹೆಸರು ಇಟ್ಕೊಂಡಿದೀರಿ.

ನಡೆದೇ_ಗೆದ್ದೆ: ನಿಮ್ಮ ಹೆಬ್ಬೆರಳ ಸಿಟ್ಟನ್ನ ನನ್ನ ಮೇಲೆ ತೀರಿಸ್ಬೇಡಿ.

ಬಲಗೈ: ನನ್ನ ಕಥೆ ಕೇಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಮರಗಟ್ಟೋದು, ಎದ್ದು ಕೈ ಒದರಬೇಕು. ಕತ್ತಿನ ನರ ಅಂದ್ರು, ಏಳು ತಿಂಗಳು ಕತ್ತು ಎಳೆಸಿದ್ರು. ಕಿರುಬೆರಳಿಗೆ ಏನೂ ಆಗಿರ್ಲಿಲ್ಲ, ಅದನ್ನ ಒಬ್ರೂ ಕೇಳ್ಲಿಲ್ಲ! ಕಿರುಬೆರಳಿಗೆ ಹೋಗೋದು ಮೊಣಕೈ ಹಿಂದಿಂದ ಬರೋ ಬೇರೆ ನರ. ಕೊನೆಗೆ ಕರೆಂಟ್ ಕೊಟ್ಟು ನರದ ವೇಗ ಅಳೆದಾಗ ಮಣಿಕಟ್ಟು ದಾಟೋವಾಗ್ಲೇ ನಿಧಾನ ಆಗ್ತಿದೆ ಅಂತ ಗೊತ್ತಾಯ್ತು. ಅಷ್ಟರಲ್ಲಿ ಹೆಬ್ಬೆರಳ ಬುಡದ ಮಾಂಸ ಕರಗಿಹೋಗಿತ್ತು, ಈಗ್ಲೂ ಶರ್ಟಿನ ಗುಂಡಿ ಹಾಕೋಕೆ ಎಡಗೈನೇ ಬೇಕು.

ನಡೆದೇ_ಗೆದ್ದೆ: ಮೇಡಂ, ಇಲ್ಲಿ ಕೇಳಿದ್ದು ಸೊಂಟದ್ದು.

ಬಲಗೈ: ಯಾವ ನರ, ಎಲ್ಲಿ ಒತ್ತಿದೆ ಅಂತ ಖಾತ್ರಿ ಮಾಡ್ಕೊಳ್ಳಿ ಅಂತ ಹೇಳ್ತಿರೋದು. ಸೊಂಟ ಆದ್ರೇನು ಕೈ ಆದ್ರೇನು?

ತಂಗಿ: ನರ ಬೆಳೆಯತ್ತೆ ಅಂತ ಇಷ್ಟು ಸಲೀಸಾಗಿ ಬರೀಬೇಡಿ. ನಮ್ಮಣ್ಣಂಗೆ ಬಿದ್ದು ಬೆನ್ನುಹುರಿಗೇ ಪೆಟ್ಟಾಯ್ತು. ಕೈಕಾಲಿನ ನರಗಳ ಥರ ಮಿದುಳು, ಬೆನ್ನುಹುರಿಯ ತಂತುಗಳು ಮತ್ತೆ ಬೆಳೆದು ಸೇರ್ಕೊಳ್ಳಲ್ಲ. ದಿನಕ್ಕೆ 1 ಮಿಲಿಮೀಟರ್ ಅಂತ ಯಾರೋ ಹೇಳಿದ್ದಕ್ಕೆ ಅಮ್ಮ ಎರಡು ವರ್ಷ ಕ್ಯಾಲೆಂಡರಲ್ಲಿ ಗುರುತು ಹಾಕ್ತಾ ಕೂತಿದ್ರು.

ಎಲ್5_ಅನುಭವಿ: ನಿಮ್ಮಣ್ಣನ ವಿಷಯಕ್ಕೆ ತುಂಬಾ ಬೇಜಾರಾಯ್ತಮ್ಮ. ಆದ್ರೆ ನಾನು ಬರೆದದ್ದು ಬೇರುಗಳ ಬಗ್ಗೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲಿನ ಎಲ್1-ಎಲ್2 ಮೂಳೆಗಳ ಹತ್ರಾನೇ ಮುಗಿಯತ್ತೆ, ಅದರ ಕೆಳಗೆ ಇರೋದು ಕುದುರೆ ಬಾಲದ ಥರ ಇಳಿಯೋ ನರದ ಬೇರುಗಳು.

ತಂಗಿ: ಹಾಗಿದ್ರೆ ಆ ಬಾಲದ ಬಗ್ಗೆ ಮುಖ್ಯವಾದದ್ದನ್ನ ಯಾಕೆ ಬರೀಲಿಲ್ಲ? ಮೂತ್ರ ಕಟ್ಟೋದು ಅಥವಾ ಹಿಡಿತ ತಪ್ಪೋದು, ಕೂರೋ ಜಾಗ ಮರಗಟ್ಟೋದು ಆದ್ರೆ ಅದೇ ದಿನ, ರಾತ್ರಿ ಆದ್ರೂ ಸರಿ, ಆಸ್ಪತ್ರೆಗೆ ಓಡ್ಬೇಕು. ಇಬ್ರೂ ನಿಮ್ಮ ನಿಮ್ಮ ಕಾಲಿನ ಕಥೆನೇ ಬರೆದ್ರಿ.

ಕೇಳಿದವರು: ಅದೆಲ್ಲ ಇಲ್ಲ. ತುದಿಗಾಲಲ್ಲಿ ನಿಲ್ಲೋಕೂ ಆಗತ್ತೆ. ಹಾಗಾದ್ರೆ ಇನ್ನೊಂದೆರಡು ವಾರ ನೋಡ್ಲಾ?

ನಡೆದೇ_ಗೆದ್ದೆ: ನೋಡಿ, ನಾನು ಹೇಳಿದ್ದೂ ಅದನ್ನೇ.

ಎಲ್5_ಅನುಭವಿ: ದಿನಾ ಒಂಟಿ ಕಾಲಲ್ಲಿ ತುದಿಗಾಲು ಎತ್ತಿ ನೋಡಿ. ಹತ್ತು ಸಲ ಎತ್ತೋದು ಐದಕ್ಕೆ ಇಳಿದ್ರೆ ಇವರ ಮಾತು ಕೇಳ್ಕೊಂಡು ಕೂರ್ಬೇಡಿ.